ಇ-ಇಂಕ್ ಪಿಗ್ಮೆಂಟಿಗೆ ಪಾಲಿಮರ್ ಹೊದಿಕೆ: ಕೊಡಗಿನ ಮಳೆಗಾಲದಲ್ಲಿ ಬ್ಯಾಚ್ ಕೆಡುವುದು ಯಾವ ಹಂತದಲ್ಲಿ?

ಹಾರಂಗಿ_ಲ್ಯಾಬ್ (ಕುಶಾಲನಗರ)

ಕಾಫಿ ಕ್ಯೂರಿಂಗ್ ಗೋದಾಮಿನ ಮೂಟೆ ಅಟ್ಟಿಗಳಿಗೆ ಗ್ರೇಡು, ತೇವಾಂಶ, ದಿನಾಂಕ ತೋರಿಸುವ ಇ-ಪೇಪರ್ ಚೀಟಿ. ಇದು ಕಾಲೇಜು ಪ್ರಾಜೆಕ್ಟ್. ರೆಡಿಮೇಡ್ ಡಿಸ್‌ಪ್ಲೇ ತಂದು ಅಂಟಿಸುವುದಲ್ಲ, ಇಂಕನ್ನೇ ತಯಾರಿಸಬೇಕು. ವಿರುದ್ಧ ಚಾರ್ಜಿನ ಬಿಳಿ, ಕರಿ ಪುಡಿಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ, ವೋಲ್ಟೇಜ್ ಕೊಟ್ಟಾಗ ಒಂದು ಬಣ್ಣ ಮೇಲೆ, ಇನ್ನೊಂದು ಕೆಳಗೆ ಓಡುತ್ತದೆ. ಬಿಳಿಗೆ ರೂಟೈಲ್ (ಟೈಟಾನಿಯಂ ಡೈಆಕ್ಸೈಡ್‌ನ ಒಂದು ಹರಳು ರೂಪ), ಕರಿಗೆ ಕಾರ್ಬನ್ ಬ್ಲ್ಯಾಕ್, ದ್ರವ ಐಸೋಪಾರ್ ಜಿ (ಸೀಮೆಎಣ್ಣೆಯಂಥ ಹೈಡ್ರೋಕಾರ್ಬನ್). ಎರಡು ಐಟಿಒ ಗಾಜಿನ (ವಿದ್ಯುತ್ ಹರಿಸುವ ಪಾರದರ್ಶಕ ಪದರವಿರುವ ಗಾಜು) ನಡುವೆ 40 ಮೈಕ್ರಾನ್ ಸಂದು, 15 ವೋಲ್ಟ್.

ಫೆಬ್ರವರಿಯ ಬ್ಯಾಚು ಬಿಳಿ-ಕಪ್ಪು ಚೆನ್ನಾಗಿ ಬದಲಾಯಿಸುತ್ತದೆ. ಜುಲೈ ಬ್ಯಾಚು ಬೂದಿ ಬಣ್ಣಕ್ಕೆ ನಿಲ್ಲುತ್ತದೆ, ವೋಲ್ಟೇಜ್ ತೆಗೆದ ಕೂಡಲೇ ಚಿತ್ರ ಹಿಂದಕ್ಕೆ ಜಾರುತ್ತದೆ. ವಿಧಾನ ಎರಡಕ್ಕೂ ಒಂದೇ. ಮಳೆಗಾಲದ ತೇವ ಸೈಲೇನ್ ಹಂತವನ್ನು (ಪಾಲಿಮರ್ ಹಿಡಿಯಲೆಂದು ಪುಡಿಗೆ ಮೊದಲು ಕೊಕ್ಕೆಯಂಥ ಸಿಲಿಕಾನ್ ಸಂಯುಕ್ತ ಅಂಟಿಸುವುದು) ಕೆಡಿಸುತ್ತಿದೆ ಎಂದು ಅನುಮಾನ. ಗೊತ್ತಿದ್ದವರು ಅಳತೆ ಸಮೇತ ಹೇಳಿ.

ಟಾಲೂಯೀನ್_ಅಕ್ಕ (ವಿರಾಜಪೇಟೆ)

ಮಳೆಯ ಮೇಲೆ ತಪ್ಪು ಹೊರಿಸುವ ಮುಂಚೆ ಯಾವ ದಾರಿಯಲ್ಲಿ ಮಾಡಿದಿರಿ ಎಂದು ಹೇಳಿ. ಒಣ ಟಾಲೂಯೀನ್‌ನಲ್ಲಿ ಸೈಲೇನ್ ಹಿಡಿಸಿದ್ದರೆ ನಿಮ್ಮ ಅನುಮಾನ ಸರಿ. ಅಲ್ಲಿ ತೇವ ಹೆಚ್ಚಾದರೆ ಸೈಲೇನ್ ಪುಡಿಗೆ ಅಂಟುವ ಬದಲು ತನ್ನತನ್ನಲ್ಲೇ ಕೂಡಿ ಗಂಟಾಗುತ್ತದೆ. ಇಥನಾಲ್-ನೀರಿನ ದಾರಿಯಾದರೆ ನೂರಕ್ಕೆ 7 ಭಾಗ ನೀರನ್ನು ನೀವೇ ಸುರಿಯುತ್ತೀರಿ. ಅದರ ಮುಂದೆ ಮಡಿಕೇರಿಯ ಮಂಜು ಯಾವ ಲೆಕ್ಕ?

ಹಾರಂಗಿ_ಲ್ಯಾಬ್

ಇಥನಾಲ್-ನೀರು, ಮೇಡಂ. ಸೈಲೇನ್ ಎಂದರೆ 3-ಮೆಥಾಕ್ರಿಲಾಕ್ಸಿಪ್ರೊಪೈಲ್ ಟ್ರೈಮೆಥಾಕ್ಸಿ ಸೈಲೇನ್. ಆಮೇಲೆ ಲಾರಿಲ್ ಮೆಥಾಕ್ರಿಲೇಟ್ ಕಸಿ, ಅಂದರೆ ಆ ಸೈಲೇನ್ ತುದಿಗಳಿಗೆ ಪಾಲಿಮರ್ ಬೆಳೆಸುವುದು.

ಟಾಲೂಯೀನ್_ಅಕ್ಕ

ಹಾಗಾದರೆ ಮಳೆ ಒಳಗೆ ಬರುತ್ತಿರುವ ಬಾಗಿಲು ಬೇರೆ. ಆದರೂ ಬಿಳಿ ಪುಡಿಯ ಇಡೀ ವಿಧಾನ ಇಲ್ಲಿರಲಿ, ನಿಮ್ಮದಕ್ಕೆ ಹೋಲಿಸಿ ನೋಡಿ. ಎಲ್ಲ ಅಳತೆ 50 ಗ್ರಾಂ ರೂಟೈಲ್‌ಗೆ.

ಸೈಲೇನ್ ಎಷ್ಟು ಬೇಕು ಎಂಬುದನ್ನು ಪುಡಿಯ ಮೇಲ್ಮೈ ವಿಸ್ತೀರ್ಣದಿಂದ ಲೆಕ್ಕ ಹಾಕಬೇಕು, ತೂಕದ ಶೇಕಡಾದಿಂದಲ್ಲ. ಪುಡಿ ಗ್ರಾಂಗೆ 12 ಚದರ ಮೀಟರ್ ಇದ್ದರೆ 50 ಗ್ರಾಂಗೆ 600 ಚದರ ಮೀಟರ್. ಈ ಸೈಲೇನ್‌ನ ಒಂದು ಗ್ರಾಂ ಒಂದೇ ಪದರವಾಗಿ ಹರಡಿದರೆ ಸುಮಾರು 315 ಚದರ ಮೀಟರ್ ಮುಚ್ಚುತ್ತದೆ. ಅಂದರೆ ಕನಿಷ್ಠ 1.9 ಗ್ರಾಂ. ಎಲ್ಲವೂ ಅಂಟುವುದಿಲ್ಲವಾದ್ದರಿಂದ ಎರಡು-ಮೂರು ಪಟ್ಟು, 4ರಿಂದ 6 ಗ್ರಾಂ. ಅದಕ್ಕಿಂತ ಮೇಲೆ ಹಾಕಿದರೆ ಕಣಗಳ ನಡುವೆ ಸೇತುವೆ ಬೀಳುತ್ತದೆ. ಒಣಗಿದ ಮೇಲೆ ಪುಡಿ ಬೆರಳಿಗೆ ಮರಳಿನಂತೆ ತಾಗಿದರೆ ಅದೇ ಕಾರಣ.

465 ಮಿಲಿ ಇಥನಾಲ್, 35 ಮಿಲಿ ನೀರು. ಅಸಿಟಿಕ್ ಆಮ್ಲ ಹಾಕಿ ಪಿಎಚ್ 4.5ಕ್ಕೆ ತನ್ನಿ. ಈ ಪಿಎಚ್‌ನಲ್ಲಿ ಸೈಲೇನ್ ಬೇಗ ಒಡೆಯುತ್ತದೆ, ತನ್ನಲ್ಲೇ ಕೂಡುವುದು ನಿಧಾನ. ಸೈಲೇನ್ ಹಾಕಿ ಐದು ನಿಮಿಷ ಕಲಕಿ, ನಂತರ ಪುಡಿ ಸುರಿದು ಒಂದು ಗಂಟೆ ಕಲಕಬೇಕು. ಮಧ್ಯೆ ಬಾತ್ ಸೋನಿಕೇಟರ್‌ನಲ್ಲಿ ಹತ್ತು ನಿಮಿಷ ಇಡಿ. ಸೆಂಟ್ರಿಫ್ಯೂಜ್ ಮಾಡಿ ಇಥನಾಲ್‌ನಲ್ಲಿ ಒಮ್ಮೆ ತೊಳೆದು, ವ್ಯಾಕ್ಯೂಮ್ ಓವನ್‌ನಲ್ಲಿ 70 ಡಿಗ್ರಿಯಲ್ಲಿ ಒಣಗಿಸಿ. ಬೇಗ ಆಗಲಿ ಎಂದು ಗಂಟೆಗಟ್ಟಲೆ 120 ಡಿಗ್ರಿಯಲ್ಲಿ ಇಡಬೇಡಿ, ಮೆಥಾಕ್ರಿಲೇಟ್ ತುದಿಗಳು ಅಲ್ಲೇ ಒಂದಕ್ಕೊಂದು ಕೂಡಿಬಿಡುತ್ತವೆ, ಕಸಿಗೆ ಏನೂ ಉಳಿಯುವುದಿಲ್ಲ.

ಕಸಿ: ಸೈಲೇನ್ ಹಿಡಿದ 50 ಗ್ರಾಂ ಪುಡಿ, 60 ಮಿಲಿ ಟಾಲೂಯೀನ್, 45 ಗ್ರಾಂ ಲಾರಿಲ್ ಮೆಥಾಕ್ರಿಲೇಟ್. ಮಾನೋಮರ್‌ನಲ್ಲಿರುವ ಇನ್‌ಹಿಬಿಟರ್ (ಲಾರಿಲ್ ಬಾಟಲಿಯಲ್ಲೇ ಪಾಲಿಮರ್ ಆಗದಂತೆ ತಡೆಯುವ ಪದಾರ್ಥ) ತೆಗೆಯಲು ಮೊದಲು ಮಾನೋಮರನ್ನು ಕ್ಷಾರೀಯ ಅಲ್ಯೂಮಿನಾ ಕಾಲಮ್‌ನಲ್ಲಿ ಇಳಿಸಿ. ಎಲ್ಲವನ್ನೂ ಫ್ಲಾಸ್ಕಿಗೆ ಹಾಕಿ 40 ನಿಮಿಷ ನೈಟ್ರೋಜನ್ ಬಿಟ್ಟು, 0.3 ಗ್ರಾಂ ಎಐಬಿಎನ್ ಅನ್ನು (ಬಿಸಿಗೆ ಒಡೆದು ಪಾಲಿಮರ್ ಕ್ರಿಯೆ ಶುರುಮಾಡುವ ಪದಾರ್ಥ) 10 ಮಿಲಿ ಟಾಲೂಯೀನ್‌ನಲ್ಲಿ ಕರಗಿಸಿ ಸೇರಿಸಿ. 65ರಿಂದ 70 ಡಿಗ್ರಿ, ರಾತ್ರಿಯಿಡೀ, ಮೇಲಿನಿಂದ ತಿರುಗುವ ಸ್ಟಿರರ್. ಮ್ಯಾಗ್ನೆಟ್ ಗುಂಡು ಈ ದಪ್ಪಕ್ಕೆ ಸಾಲದು.

ಆ 45 ಗ್ರಾಂನಲ್ಲಿ ಪುಡಿಗೆ ಅಂಟುವುದು ಮೂರರಿಂದ ಐದು ಗ್ರಾಂ ಮಾತ್ರ. ಉಳಿದದ್ದರಲ್ಲಿ ಬಹುಪಾಲು ದ್ರವದಲ್ಲಿ ತೇಲುವ ಬಿಡಿ ಪಾಲಿಮರ್. ಅದನ್ನು ತೊಳೆಯುವುದೇ ಅರ್ಧ ಕೆಲಸ. 3500 ಆರ್‌ಪಿಎಂನಲ್ಲಿ 20-30 ನಿಮಿಷ ತಿರುಗಿಸಿ, ಮೇಲ್ದ್ರವ ಚೆಲ್ಲದೆ ಕ್ಯಾನಿಗೆ ಬಸಿದು, ಹೊಸ ಟಾಲೂಯೀನ್‌ನಲ್ಲಿ ಮತ್ತೆ ಚೆನ್ನಾಗಿ ಕದಡಿ. ಕನಿಷ್ಠ ಮೂರು ಸಲ. ಕೊನೆಯ ಮೇಲ್ದ್ರವದ ನಾಲ್ಕು ಹನಿಯನ್ನು ವಾಚ್ ಗ್ಲಾಸ್ ಮೇಲೆ ಆರಲು ಬಿಡಿ. ಅಂಟು ಪೊರೆ ಉಳಿದರೆ ಇನ್ನೂ ತೊಳೆಯಬೇಕು.

ಪೇಂಟ್_ಪೊನ್ನಂಪೇಟೆ

ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ: ರೂಟೈಲ್ ಯಾವುದು? ಪೇಂಟ್ ಅಂಗಡಿಗೆ ಬರುವ ರೂಟೈಲ್ ಬರೀ ಟೈಟಾನಿಯಾ ಅಲ್ಲ. ಮೇಲೆ ಅಲ್ಯೂಮಿನಾ ಪದರ ಇರುತ್ತದೆ, ಅದರ ಮೇಲೆ ಪುಡಿ ಸುಲಭವಾಗಿ ಹರಡಲಿ ಎಂದು ಪಾಲಿಯಾಲ್‌ನಂಥ ಸಾವಯವ ಪದಾರ್ಥ ಸವರಿರುತ್ತಾರೆ. ಸೈಲೇನ್ ಆ ಸವರಿಕೆಯ ಮೇಲೆ ಕೂತರೆ ಟಾಲೂಯೀನ್ ತೊಳೆತದಲ್ಲಿ ಎರಡೂ ಒಟ್ಟಿಗೇ ಎದ್ದುಹೋಗುತ್ತವೆ.

ಚಾರ್ಜಿನ ಲೆಕ್ಕವೂ ತಪ್ಪುತ್ತದೆ. ನೀರಿನಲ್ಲಿ ಅಳೆದರೆ ಸಿಲಿಕಾದ ಶೂನ್ಯ-ಚಾರ್ಜ್ ಬಿಂದು ಪಿಎಚ್ 2ರ ಹತ್ತಿರ, ಟೈಟಾನಿಯಾದ್ದು 6ರ ಹತ್ತಿರ, ಅಲ್ಯೂಮಿನಾದ್ದು 9ರ ಹತ್ತಿರ. ಐಸೋಪಾರ್‌ನಲ್ಲಿ ಪಿಎಚ್ ಎಂಬುದಿಲ್ಲ, ಆದರೂ ಆಮ್ಲದ ಗುಣ, ಕ್ಷಾರದ ಗುಣ ಹಾಗೆಯೇ ಉಳಿಯುತ್ತದೆ. ಸಿಲಿಕಾ ಮೈ ಇರುವ ಬಿಳಿ ಕಣ ಕ್ಷಾರಗುಣದ ಚಾರ್ಜ್ ಏಜೆಂಟಿಗೆ (ಕಣಗಳಿಗೆ ಚಾರ್ಜ್ ಬರಿಸಲು ದ್ರವಕ್ಕೆ ಹಾಕುವ ಪದಾರ್ಥ) ಪ್ರೋಟಾನ್ ಕೊಟ್ಟು ಋಣವಾಗುತ್ತದೆ. ಅಲ್ಯೂಮಿನಾ ಮೈ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಬಿಳಿಯಲ್ಲಿ ಅರ್ಧ ಕಣ ಒಂದು ಕಡೆ, ಅರ್ಧ ಇನ್ನೊಂದು ಕಡೆ ಓಡಿದರೆ ಬೂದಿ ಬಣ್ಣ ಬಾರದೆ ಇನ್ನೇನು?

ಹೊರಗೋಡೆ ಪೇಂಟಿಗೆ ಬಳಸುವ ದಟ್ಟ ಸಿಲಿಕಾ ಲೇಪದ ಗ್ರೇಡ್ ಕೇಳಿ. ಸಿಗದಿದ್ದರೆ ಪುಡಿಯನ್ನು 450 ಡಿಗ್ರಿಯಲ್ಲಿ ಎರಡು ಗಂಟೆ ಸುಟ್ಟು ಸಾವಯವ ಪದರ ತೆಗೆದು, ಸಿಲಿಕಾವನ್ನು ನೀವೇ ಹಿಡಿಸಿ. 50 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ಕದಡಿ, 90 ಡಿಗ್ರಿಗೆ ಏರಿಸಿ, ಪಿಎಚ್ 9ರಿಂದ 9.5. ಶೇ. 27 ಸಿಲಿಕಾ ಇರುವ ಸೋಡಿಯಂ ಸಿಲಿಕೇಟ್ 7.4 ಗ್ರಾಂ ತೆಗೆದುಕೊಂಡು (2 ಗ್ರಾಂ ಸಿಲಿಕಾ ಆಯಿತು) 50 ಮಿಲಿಗೆ ತೆಳು ಮಾಡಿ, ಎರಡು ಗಂಟೆ ಹನಿಹನಿಯಾಗಿ ಬಿಡಿ. ಪಿಎಚ್ ಏರದಂತೆ ಇನ್ನೊಂದು ಕಡೆಯಿಂದ ತೆಳು ಸಲ್ಫ್ಯೂರಿಕ್ ಆಮ್ಲ. ಆತುರಪಟ್ಟು ಸುರಿದರೆ ಸಿಲಿಕಾ ಕಣದ ಮೇಲೆ ಕೂರದೆ ನೀರಿನಲ್ಲೇ ಬೇರೆ ಗುಂಡುಗಳಾಗುತ್ತದೆ. ಸರಿಯಾಗಿ ಕೂತರೆ ಸುಮಾರು 1.5 ನ್ಯಾನೋಮೀಟರ್ ಪದರ.

ಇನ್ನೊಂದು ಲಾಭವೂ ಇದೆ. ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಬರಿಮೈ ಟೈಟಾನಿಯಾ ಪಕ್ಕದ ಪಾಲಿಮರನ್ನೇ ತಿನ್ನುತ್ತದೆ. ಕಾಫಿ ಒಣಗಿಸುವ ಅಂಗಳದ ಪಕ್ಕ ನೇತುಹಾಕುವ ಚೀಟಿಗೆ ಸಿಲಿಕಾ ಬೇಕೇ ಬೇಕು.

ಸರ್ಕ್ಯೂಟ್_ಸೋಮವಾರಪೇಟೆ

ರಸಾಯನಶಾಸ್ತ್ರ ನೀವು ನೋಡಿಕೊಳ್ಳಿ. ನನಗೆ ಕಾಣುವುದು "ವೋಲ್ಟೇಜ್ ತೆಗೆದ ಕೂಡಲೇ ಚಿತ್ರ ಹಿಂದಕ್ಕೆ ಜಾರುತ್ತದೆ" ಎಂಬ ಮಾತು. ಬೂದಿ ಬಣ್ಣ ಒಂದು ದೋಷ, ಇದು ಇನ್ನೊಂದು. ಎರಡನ್ನೂ ಒಂದೇ ಕಾರಣಕ್ಕೆ ಕಟ್ಟಬೇಡಿ.

ದ್ರವದಲ್ಲಿ ಬಿಡಿ ಅಯಾನುಗಳು ಜಾಸ್ತಿ ಇದ್ದರೆ ಅವು ಕಣಗಳಿಗಿಂತ ಮುಂಚೆ ಎಲೆಕ್ಟ್ರೋಡಿನ ಹತ್ತಿರ ಗುಂಪುಗೂಡಿ ವಿದ್ಯುತ್ ಕ್ಷೇತ್ರವನ್ನು ಮರೆಮಾಡುತ್ತವೆ. ವೋಲ್ಟೇಜ್ ಸೊನ್ನೆಗೆ ತಂದಾಗ ಆ ಗುಂಪಿನ ಕ್ಷೇತ್ರ ಉಲ್ಟಾ ಕೆಲಸ ಮಾಡಿ ಪಿಗ್ಮೆಂಟನ್ನು ಹಿಂದಕ್ಕೆ ಎಳೆಯುತ್ತದೆ. ಪರೀಕ್ಷೆ ಸುಲಭ: ಇಂಕನ್ನು ಸೆಂಟ್ರಿಫ್ಯೂಜ್ ಮಾಡಿ, ತಿಳಿ ಮೇಲ್ದ್ರವವನ್ನಷ್ಟೇ ಸೆಲ್‌ಗೆ ತುಂಬಿ, 15 ವೋಲ್ಟ್ ಕೊಟ್ಟು ಕರೆಂಟ್ ಅಳೆಯಿರಿ. ಪಕ್ಕದ ಸೆಲ್‌ನಲ್ಲಿ ಹೊಸ ಐಸೋಪಾರ್, ಅಷ್ಟೇ ಚಾರ್ಜ್ ಏಜೆಂಟ್. ಮೊದಲನೆಯದು ಬಹಳ ಮೇಲಿದ್ದರೆ ತೊಂದರೆ ದ್ರವದಲ್ಲಿದೆ, ಕಣದ ಹೊದಿಕೆಯಲ್ಲಲ್ಲ.

ವೇಗದ ಲೆಕ್ಕವನ್ನೂ ಹಾಕಿಡಿ. ಜೀಟಾ (ಕಣದ ಮೇಲ್ಮೈ ಚಾರ್ಜಿನ ಅಳತೆ) 50 ಮಿಲಿವೋಲ್ಟ್, ಡೈಎಲೆಕ್ಟ್ರಿಕ್ ಸ್ಥಿರಾಂಕ 2, ಸ್ನಿಗ್ಧತೆ 1 ಮಿಲಿಪ್ಯಾಸ್ಕಲ್-ಸೆಕೆಂಡ್ ಎಂದಿಟ್ಟುಕೊಂಡರೆ ಹ್ಯೂಕೆಲ್ ಸೂತ್ರದಿಂದ 40 ಮೈಕ್ರಾನ್ ಸಂದಿನಲ್ಲಿ 15 ವೋಲ್ಟಿಗೆ ಕಣ ಸೆಕೆಂಡಿಗೆ ಸುಮಾರು 220 ಮೈಕ್ರಾನ್ ಓಡುತ್ತದೆ. ಆಚೆ ದಡಕ್ಕೆ 0.18 ಸೆಕೆಂಡ್. ನಿಮ್ಮದು ಎರಡು-ಮೂರು ಸೆಕೆಂಡ್ ತೆಗೆದುಕೊಂಡರೆ ಒಂದೋ ಚಾರ್ಜ್ ಇಲ್ಲ, ಇಲ್ಲವೇ ಬಿಡಿ ಪಾಲಿಮರ್ ಉಳಿದು ದ್ರವ ದಪ್ಪವಾಗಿದೆ. ಡಿಸೆಂಬರ್ ಬೆಳಗಿನ ಚಳಿಗೆ ದ್ರವ ಇನ್ನೂ ದಪ್ಪ, ಪಲ್ಸ್ ಉದ್ದ ಮಾಡಬೇಕು. ಅಂಗಡಿಯ ಡಿಸ್‌ಪ್ಲೇಗಳಲ್ಲಿ ಉಷ್ಣಾಂಶಕ್ಕೆ ತಕ್ಕ ವೇವ್‌ಫಾರ್ಮ್ ಪಟ್ಟಿ ಇರುವುದು ಇದಕ್ಕೇ.

ಹಾರಂಗಿ_ಲ್ಯಾಬ್

ಎಲ್ಲರಿಗೂ ಒಟ್ಟಿಗೆ ಉತ್ತರ. ರೂಟೈಲ್ ಸಿಲಿಕಾ ಲೇಪದ್ದೇ, ಎರಡೂ ಬ್ಯಾಚಿಗೆ ಒಂದೇ ಚೀಲ. ಟಿಜಿಎಯಲ್ಲಿ (ಪುಡಿಯನ್ನು ಕಾಯಿಸುತ್ತ ತೂಕ ಎಷ್ಟು ಇಳಿಯಿತು ಎಂದು ನೋಡಿ ಪಾಲಿಮರ್ ಅಳೆಯುವ ಪರೀಕ್ಷೆ) ಬಿಳಿಯ ತೂಕನಷ್ಟ ಎರಡರಲ್ಲೂ ಶೇ. 6ರ ಆಸುಪಾಸು. ಮೇಲ್ದ್ರವದ ಕರೆಂಟು ಜುಲೈ ಬ್ಯಾಚಿನಲ್ಲಿ ಹೊಸ ದ್ರವದ ನಾಲ್ಕೈದು ಪಟ್ಟು, ಫೆಬ್ರವರಿಯದ್ದರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕರಿ ಪುಡಿಯ ಟಿಜಿಎ ಅರ್ಥವಾಗುತ್ತಿಲ್ಲ, ತೂಕ ಇಳಿಯುತ್ತಲೇ ಹೋಗುತ್ತದೆ.

ಟಾಲೂಯೀನ್_ಅಕ್ಕ

ಕರಿಯ ಟಿಜಿಎಯನ್ನು ಗಾಳಿಯಲ್ಲಿ ಮಾಡಿರುತ್ತೀರಿ. ಕಾರ್ಬನ್ ಬ್ಲ್ಯಾಕ್ ತಾನೇ ಉರಿದುಹೋಗುತ್ತದೆ. ನೈಟ್ರೋಜನ್‌ನಲ್ಲಿ ಮಾಡಿ. ಲಾರಿಲ್ ಪಾಲಿಮರ್ ಹೆಚ್ಚುಕಡಿಮೆ 250ರಿಂದ 400 ಡಿಗ್ರಿಯೊಳಗೆ ಹೋಗುತ್ತದೆ, ಕಾರ್ಬನ್ ನಿಲ್ಲುತ್ತದೆ.

ಬಿಳಿ ಶೇ. 6 ಚೆನ್ನಾಗಿಯೇ ಇದೆ. ಗ್ರಾಂಗೆ 12 ಚದರ ಮೀಟರ್ ಪುಡಿಯಲ್ಲಿ ಶೇ. 5 ಪಾಲಿಮರ್ ಎಂದರೆ ಒಣ ಪದರ ಸುಮಾರು 5 ನ್ಯಾನೋಮೀಟರ್, ಶೇ. 10 ಎಂದರೆ ಸುಮಾರು 10. ಐಸೋಪಾರ್‌ನಲ್ಲಿ ಉಬ್ಬಿ ಇನ್ನೂ ದಪ್ಪವಾಗುತ್ತದೆ. ಶೇ. 3ಕ್ಕಿಂತ ಕೆಳಗಿದ್ದರೆ ಬಿಳಿಯೂ ಕರಿಯೂ ಪರಸ್ಪರ ಅಂಟಿ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಶೇ. 15 ದಾಟಿದರೆ ಹೊದಿಕೆಯೇ ಜೆಲ್ ಆಗಿ ಕಣಗಳನ್ನು ಹಿಡಿದಿಟ್ಟಿದೆ ಎಂದು ಅನುಮಾನಿಸಿ. ಯಂತ್ರವಿಲ್ಲದವರಿಗೆ ಒಂದು ಪರೀಕ್ಷೆ: ಟೆಸ್ಟ್ ಟ್ಯೂಬಿನಲ್ಲಿ ನೀರು, ಮೇಲೆ ಟಾಲೂಯೀನ್, ಒಂದು ಚಿಟಿಕೆ ಪುಡಿ ಹಾಕಿ ಅಲುಗಾಡಿಸಿ. ಕಸಿಯಾದ ಪುಡಿ ಪೂರ್ತಿ ಮೇಲಿನ ಪದರದಲ್ಲಿ ಹರಡುತ್ತದೆ. ಬರಿಮೈ ಪುಡಿ ನೀರಿಗಿಳಿಯುತ್ತದೆ. ಎರಡರ ಗಡಿಯಲ್ಲಿ ಕೆನೆಯಾಗಿ ನಿಂತರೆ ಕಸಿ ಅರೆಬರೆ.

ಐಸೋಪಾರ್‌ನಲ್ಲಿ ಹರಡಿ ಒಂದು ರಾತ್ರಿ ಇಡುವ ಪರೀಕ್ಷೆಯನ್ನು ತುಂಬ ಜನ ತಲೆಕೆಳಗಾಗಿ ಓದುತ್ತಾರೆ. ಬೇಗ ತಳ ಸೇರಿ ಹತ್ತಿಯ ಹಾಗೆ ಎತ್ತರಕ್ಕೆ ಉಬ್ಬಿ ಕೂತರೆ ಅದು ಕೆಟ್ಟ ಪುಡಿ, ಕಣಗಳು ಗುಂಪಾಗಿವೆ. ನಿಧಾನವಾಗಿ ಇಳಿದು ತೆಳ್ಳಗೆ, ಗಟ್ಟಿಯಾಗಿ ಕೂತರೆ ಒಳ್ಳೆಯದು.

ಈಗ ನಿಮ್ಮ ಜುಲೈ ಬ್ಯಾಚು. ಸೋಮವಾರಪೇಟೆಯವರ ಪರೀಕ್ಷೆಯೇ ಉತ್ತರ ಕೊಟ್ಟಿದೆ: ನೀರು ಸೇರಿರುವುದು ಸೈಲೇನ್‌ನಲ್ಲಿ ಅಲ್ಲ, ಒಣಗಿಸಿದ ಮೇಲೆ. ಐಸೋಪಾರ್‌ನಂಥ ದ್ರವದಲ್ಲಿ ಚಾರ್ಜ್ ಬಿಡಿಯಾಗಿ ನಿಲ್ಲುವುದೇ ಕಷ್ಟ. ಬ್ಯೆರುಮ್ ದೂರ (ವಿರುದ್ಧ ಅಯಾನುಗಳು ಬಿಡಿಯಾಗಿರಲು ಬೇಕಾದ ಅಂತರ) ನೀರಿನಲ್ಲಿ 0.7 ನ್ಯಾನೋಮೀಟರ್, ಇಲ್ಲಿ ಸುಮಾರು 28. ಚಾರ್ಜ್ ಏಜೆಂಟಿನ ತಲೆಕೆಳಗಾದ ಮೈಸೆಲ್‌ಗಳು (ಅದರ ಅಣುಗಳು ಕೂಡಿದ ಸಣ್ಣ ಗುಂಡುಗಳು) ಹೊಟ್ಟೆಯೊಳಗೆ ಅಯಾನನ್ನು ಇಟ್ಟುಕೊಳ್ಳುವುದರಿಂದ ಮಾತ್ರ ಇದು ಸಾಧ್ಯ. ಆ ಹೊಟ್ಟೆಗೆ ನೀರು ಹೋದರೆ ಮೈಸೆಲ್ ಉಬ್ಬುತ್ತದೆ, ಬಿಡಿ ಅಯಾನು ಹೆಚ್ಚುತ್ತದೆ, ಕರೆಂಟ್ ಏರುತ್ತದೆ.

ನೀರು ಬರುವ ದಾರಿ ಮೂರು. ಓವನ್‌ನಿಂದ ತೆಗೆದ ಪುಡಿ ತಟ್ಟೆಯಲ್ಲೇ ಆರುವುದು. ಜುಲೈ ಗಾಳಿಯಲ್ಲಿ ಅರ್ಧ ಗಂಟೆ ಸಾಕು. ಚಾರ್ಜ್ ಏಜೆಂಟಿನ ಬಾಟಲಿ. ಸ್ಪಾನ್ ಜಾತಿಯ (ಸೋರ್ಬಿಟಾನ್ ಎಸ್ಟರ್) ಏಜೆಂಟ್‌ಗಳು ತೇವ ಕುಡಿಯುತ್ತವೆ. ಅರ್ಧ ಖಾಲಿಯಾದ ಐಸೋಪಾರ್ ಕ್ಯಾನು. ಪುಡಿಯನ್ನು ಬಿಸಿಯಿದ್ದಾಗಲೇ ಡೆಸಿಕೇಟರ್‌ಗೆ ಹಾಕಿ. ಐಸೋಪಾರ್ ಮತ್ತು ಅದರಲ್ಲಿ ಕರಗಿಸಿದ ಏಜೆಂಟ್, ಎರಡನ್ನೂ 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಮಣಿ) ಮೇಲೆ ಎರಡು ದಿನ ಇಡಿ. ಸೀವನ್ನು ಮೊದಲು 300 ಡಿಗ್ರಿಯಲ್ಲಿ ಕಾಯಿಸಿರಬೇಕು. ಬಳಸುವಾಗ 0.45 ಮೈಕ್ರಾನ್ ಟೆಫ್ಲಾನ್ ಫಿಲ್ಟರ್‌ನಲ್ಲಿ ಸೋಸಿ, ಸೀವಿನ ಧೂಳು ಎಲೆಕ್ಟ್ರೋಡಿಗೆ ಅಂಟಿದರೆ ಅದೇ ಚುಕ್ಕೆಯಾಗಿ ಕಾಣುತ್ತದೆ.

ಪೇಂಟ್_ಪೊನ್ನಂಪೇಟೆ

ಒಂದು ತಕರಾರು. ನೀರನ್ನು ಪೂರ್ತಿ ಹಿಂಡಿ ತೆಗೆದರೆ ಕೆಲವು ಏಜೆಂಟ್‌ಗಳು ಕಣಕ್ಕೆ ಚಾರ್ಜನ್ನೇ ಕೊಡುವುದಿಲ್ಲ. ಅಲ್ಪಸ್ವಲ್ಪ ನೀರು ಬೇಕಾಗುತ್ತದೆ.

ಟಾಲೂಯೀನ್_ಅಕ್ಕ

ಒಪ್ಪಿದೆ. ಅದಕ್ಕೇ ಗುರಿ ಸೊನ್ನೆ ನೀರಲ್ಲ, ಪ್ರತಿ ಬ್ಯಾಚಿಗೂ ಅದೇ ನೀರು. ಕಾರ್ಲ್ ಫಿಷರ್ ಟೈಟ್ರೇಟರ್ ಇದ್ದರೆ ಅಳೆಯಿರಿ. ಇಲ್ಲದಿದ್ದರೆ ಮೇಲ್ದ್ರವದ ಕರೆಂಟನ್ನೇ ಅಳತೆಗೋಲು ಮಾಡಿಕೊಳ್ಳಿ.

ಕತ್ತಲೆಕಾಡು_ಇನ್ವರ್ಟರ್

ರಾತ್ರಿಯಿಡೀ 70 ಡಿಗ್ರಿ ಎಂದು ಸಲೀಸಾಗಿ ಬರೆದಿದ್ದೀರಿ. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರುವುದು ಮರುದಿನ. ಆಗ ಬ್ಯಾಚಿನ ಗತಿ?

ಟಾಲೂಯೀನ್_ಅಕ್ಕ

ಬಿಸಿ ಹೋದರೆ ಚಿಂತೆಯಿಲ್ಲ, ಕಲಕುವುದು ನಿಂತರೆ ಬ್ಯಾಚು ಹೋಯಿತು. ಎಐಬಿಎನ್ ಅರ್ಧ ಒಡೆಯಲು 65 ಡಿಗ್ರಿಯಲ್ಲಿ ಸುಮಾರು 10 ಗಂಟೆ ಬೇಕು, 70ರಲ್ಲಿ ಅದರ ಅರ್ಧ. ತಣ್ಣಗಾದರೆ ಕ್ರಿಯೆ ಮಲಗುತ್ತದೆ, ಮತ್ತೆ ಕಾಯಿಸಿದರೆ ಏಳುತ್ತದೆ. ಆದರೆ ರೂಟೈಲ್‌ನ ಸಾಂದ್ರತೆ 4.2. ಸ್ಟಿರರ್ ನಿಂತ ಹತ್ತು ನಿಮಿಷಕ್ಕೇ ತಳದಲ್ಲಿ ಗಸಿ ಕಟ್ಟುತ್ತದೆ, ಫ್ಲಾಸ್ಕ್ ಇನ್ನೂ ಬಿಸಿಯಾಗಿರುವುದರಿಂದ ಆ ಗಸಿಯಲ್ಲೇ ಪಾಲಿಮರ್ ಬೆಳೆದು ಕಣಗಳನ್ನು ಬೆಸೆದುಬಿಡುತ್ತದೆ. ಆಮೇಲೆ ಎಷ್ಟು ಸೋನಿಕೇಟ್ ಮಾಡಿದರೂ ಬಿಡುವುದಿಲ್ಲ. ಹೀಟಿಂಗ್ ಮ್ಯಾಂಟಲ್ ಮೇನ್ಸ್‌ನಲ್ಲಿರಲಿ, ಸ್ಟಿರರ್ ಮೋಟರ್ ಮತ್ತು ಫ್ಯೂಮ್ ಹುಡ್ ಫ್ಯಾನ್ ಇನ್ವರ್ಟರ್‌ನಲ್ಲಿರಲಿ. ನೈಟ್ರೋಜನ್‌ಗೆ ಕರೆಂಟ್ ಬೇಡ, ಸಿಲಿಂಡರ್ ಸಾಕು. ಕಂಡೆನ್ಸರ್ ನೀರನ್ನು ಪಂಪಿನಿಂದಲ್ಲ, ಮೇಲಿನ ಟ್ಯಾಂಕಿನಿಂದ ಇಳಿಬಿಡಿ.

ಹಾರಂಗಿ_ಲ್ಯಾಬ್

ಕರಿ ಪುಡಿಗೆ ಸೈಲೇನ್ ಹಿಡಿಯುವುದೇ ಇಲ್ಲವಲ್ಲ, ಅದಕ್ಕೆ ಏನು?

ಟಾಲೂಯೀನ್_ಅಕ್ಕ

ಕಾರ್ಬನ್ ಮೇಲೆ ಸೈಲೇನ್ ಕೂರಲು ಹೈಡ್ರಾಕ್ಸಿಲ್ ಸಾಕಷ್ಟಿಲ್ಲ. ಅಲ್ಲಿ ಡಯಜೋನಿಯಂ ದಾರಿ: ನೀರಿನಲ್ಲಿ ಕಾರ್ಬನ್ ಬ್ಲ್ಯಾಕ್ ಕದಡಿ, ಹೈಡ್ರೋಕ್ಲೋರಿಕ್ ಆಮ್ಲ, 4-ವಿನೈಲ್ ಅನಿಲೀನ್ ಹಾಕಿ, ಸೋಡಿಯಂ ನೈಟ್ರೈಟ್ ದ್ರಾವಣವನ್ನು ನಿಧಾನವಾಗಿ ಬಿಡಬೇಕು. ವಿನೈಲ್ ಗುಂಪು ಬೆಂಜೀನ್ ಉಂಗುರದ ಮೂಲಕ ನೇರ ಕಾರ್ಬನ್ನಿಗೇ ಬೆಸೆಯುತ್ತದೆ, ನೈಟ್ರೋಜನ್ ಹೊರಬಂದು ನೊರೆ ಏಳುತ್ತದೆ. ಪಾತ್ರೆಯಲ್ಲಿ ಅರ್ಧ ಖಾಲಿ ಬಿಡಿ. ಡಯಜೋನಿಯಂ ಲವಣವನ್ನು ಬೇರ್ಪಡಿಸಿ ಒಣಗಿಸುವ ಯೋಚನೆ ಬೇಡವೇ ಬೇಡ, ಒಣಗಿದರೆ ಸಿಡಿಯುತ್ತದೆ. ಆಮೇಲಿನ ಲಾರಿಲ್ ಕಸಿ ಬಿಳಿಯ ಹಾಗೆಯೇ. ಕಾರ್ಬನ್ನಿನ ಮೇಲ್ಮೈ ಗ್ರಾಂ ಲೆಕ್ಕದಲ್ಲಿ ಹಲವು ಪಟ್ಟು ಹೆಚ್ಚು, ಹಾಗಾಗಿ ಟಿಜಿಎಯಲ್ಲಿ ಶೇ. 8ರಿಂದ 12 ಬರಬೇಕು. ಬಿಳಿಗೆ ಸಾಕಾದ ಶೇ. 6 ಇಲ್ಲಿ ಸಾಲದು. ನಿಮ್ಮ ಬೂದಿ ಬಣ್ಣದ ಮೂಲ ಇಲ್ಲೇ ಇರಬಹುದು, ನೈಟ್ರೋಜನ್ ಟಿಜಿಎ ಬರಲಿ.

ಕಾರ್ಬನ್ ವಿದ್ಯುತ್ ವಾಹಕವೂ ಹೌದು, ಗುಂಪು ಕಟ್ಟಿದರೆ ಸೆಲ್ ಒಳಗೇ ಸೋರಿಕೆ. ಅದಕ್ಕೇ ಉದ್ಯಮದಲ್ಲಿ ಕಾಪರ್ ಕ್ರೋಮೈಟ್ ಕಡೆಗೂ ಹೋಗಿದ್ದಾರೆ. ಅದಕ್ಕೆ ಸಿಲಿಕಾ ಹಿಡಿಸಿ, ಅಮೈನ್ ಮತ್ತು ವಿನೈಲ್‌ಬೆಂಜೈಲ್ ಎರಡೂ ಇರುವ ಸೈಲೇನ್ ಬಳಸಿದರೆ ಅಮೈನ್‌ನಿಂದ ಧನ ಚಾರ್ಜು, ವಿನೈಲ್‌ನಿಂದ ಕಸಿ. ನನ್ನ ಮಟ್ಟಿಗೆ ಹೊಸಬರಿಗೆ ಇದೇ ಒಳ್ಳೆಯ ಕರಿ.

ಸರ್ಕ್ಯೂಟ್_ಸೋಮವಾರಪೇಟೆ

ಎಲ್ಲ ಸರಿಯಾದರೂ ಚಿತ್ರ ನಿಲ್ಲುವುದಿಲ್ಲ ಎಂದು ಆಮೇಲೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. 150 ನ್ಯಾನೋಮೀಟರ್ ತ್ರಿಜ್ಯದ ರೂಟೈಲ್ ಕಣ ಐಸೋಪಾರ್‌ನಲ್ಲಿ ಸೆಕೆಂಡಿಗೆ 0.17 ಮೈಕ್ರಾನ್ ಇಳಿಯುತ್ತದೆ. 40 ಮೈಕ್ರಾನ್ ಇಳಿಯಲು ನಾಲ್ಕು ನಿಮಿಷ. ಮೂಟೆ ಚೀಟಿ ತಿಂಗಳುಗಟ್ಟಲೆ ನಿಲ್ಲಬೇಕು. ಹೊದಿಕೆ ಎಷ್ಟೇ ಚೆನ್ನಾಗಿರಲಿ, ಹೊದಿಕೆಯಿಂದ ಇದು ಬಗೆಹರಿಯುವುದಿಲ್ಲ. ದೊಡ್ಡ ಅಣುತೂಕದ ಪಾಲಿಐಸೋಬ್ಯೂಟಿಲೀನ್ ಅನ್ನು ದ್ರವದ ಶೇ. 1ರಷ್ಟು ಹಾಕಿ. ಅದು ಕಣಕ್ಕೆ ಅಂಟುವುದಿಲ್ಲ, ಕಣಗಳನ್ನು ಹೊರಗಿನಿಂದ ಹಗುರವಾಗಿ ಒತ್ತಿ ಹಿಡಿಯುತ್ತದೆ. ಕ್ಷೇತ್ರ ಬಂದಾಗ ಬಿಡುತ್ತವೆ, ಹೋದಾಗ ಮತ್ತೆ ಸೇರುತ್ತವೆ. ಬದಲಿಗೆ ವೇಗ ಸ್ವಲ್ಪ ತೆರಬೇಕು.

1973ರಲ್ಲಿ ಜಪಾನಿನ ಮತ್ಸುಶಿತ ಕಂಪನಿಯ ಓಟಾ ತಂಡ ಇದೇ ತತ್ವದ ಪ್ಯಾನೆಲ್ ಪ್ರಕಟಿಸಿತ್ತು. ಕಣಗಳು ಗುಂಪುಗೂಡುವುದು, ಪಕ್ಕಕ್ಕೆ ಹರಿಯುವುದು, ತಳ ಸೇರುವುದು ಆ ಕಾಲದ ಪ್ಯಾನೆಲ್‌ಗಳನ್ನು ಕಾಡಿದವು. 1998ರಲ್ಲಿ ಎಂಐಟಿಯ ಕೋಮಿಸ್ಕಿ, ಜೇಕಬ್‌ಸನ್ ಮತ್ತಿತರರು ಇಂಕನ್ನು ಮೈಕ್ರೋಕ್ಯಾಪ್ಸೂಲ್ ಎಂಬ ಸೂಕ್ಷ್ಮ ಗುಳ್ಳೆಗಳ ಒಳಗೆ ಹಾಕಿದ ಮೇಲೆ ಪಕ್ಕಕ್ಕೆ ಹರಿಯುವುದು ನಿಂತಿತು. ನಿಮ್ಮದು ತೆರೆದ ಸೆಲ್, ಅಂಚಿಗೆ ಪುಡಿ ಸರಿದರೆ ಗಾಬರಿಯಾಗಬೇಡಿ.

ಕತ್ತಲೆಕಾಡು_ಇನ್ವರ್ಟರ್

ಕ್ಯಾಪ್ಸೂಲ್ ಮಾಡಿದರೆ ಮತ್ತೆ ನೀರೇ ತಾನೆ? ಜೆಲಟಿನ್, ಅಕೇಶಿಯಾ ಗೋಂದು ಎಲ್ಲ ನೀರಿನ ಕೆಲಸ.

ಪೇಂಟ್_ಪೊನ್ನಂಪೇಟೆ

ಹೌದು. ಜೆಲಟಿನ್ ಗೋಡೆ ಒಣಗಿದ ಮೇಲೂ ಗಾಳಿಯ ತೇವಕ್ಕೆ ಉಬ್ಬುತ್ತದೆ. ಇಲ್ಲಿಯ ಮಳೆಗಾಲಕ್ಕೆ ಬ್ಯಾರಿಯರ್ ಫಿಲ್ಮ್, ಅಂಚಿಗೆ ಸೀಲ್ ಇಲ್ಲದೆ ಚೀಟಿ ಹೊರಗಿಡಬೇಡಿ.

ಮಾಡರೇಟರ್

ಟಾಲೂಯೀನ್ ತೊಳೆತದ ದ್ರವವನ್ನು ಸಿಂಕಿಗಾಗಲಿ ತೋಡಿಗಾಗಲಿ ಬಿಡುವಂತಿಲ್ಲ. ಹ್ಯಾಲೊಜೆನ್ ಇಲ್ಲದ ದ್ರಾವಕ ಎಂದು ಚೀಟಿ ಅಂಟಿಸಿ ಮುಚ್ಚಳದ ಕ್ಯಾನಿನಲ್ಲಿ ಸಂಗ್ರಹಿಸಿ, ಅನುಮತಿ ಇರುವ ಸಂಸ್ಥೆಗೆ ಕೊಡಿ. ಎಐಬಿಎನ್ ಫ್ರಿಜ್‌ನಲ್ಲಿರಲಿ, ಊಟ ಇಡುವ ಫ್ರಿಜ್‌ನಲ್ಲಲ್ಲ.

ಹಾರಂಗಿ_ಲ್ಯಾಬ್

ನೈಟ್ರೋಜನ್ ಟಿಜಿಎ ಬಂತು. ಕರಿ ಫೆಬ್ರವರಿಯದ್ದು ಶೇ. 9, ಜುಲೈಯದ್ದು ಶೇ. 4. ಪುಡಿಯನ್ನು ಒಣಗಿಸಿ, ಸೀವ್ ಮೇಲಿಟ್ಟ ಐಸೋಪಾರ್‌ನಲ್ಲಿ ಬಿಳಿಯೊಂದನ್ನೇ ಹಾಕಿದಾಗ ಹಿಂದಕ್ಕೆ ಜಾರುವುದು ನಿಂತಿದೆ. ಹಾಗಾದರೆ ಬೂದಿಗೆ ಕರಿಯೇ ಕಾರಣ. ಆ ರಾತ್ರಿ ಕರಿಯ ಕಸಿಗೆ ಬಳಸಿದ ಮಾನೋಮರ್ ಕಾಲಮ್‌ನಲ್ಲಿ ಇಳಿಸಿದ್ದಲ್ಲ, ನೇರ ಬಾಟಲಿಯದ್ದು. ಮುಂದೆ ಗೋದಾಮಿನವರು ತೇವಾಂಶ ಮಿತಿ ಮೀರಿದ ಮೂಟೆಗೆ ಕೆಂಪು ಕೇಳುತ್ತಿದ್ದಾರೆ. ಐರನ್ ಆಕ್ಸೈಡ್ ಆಗುತ್ತದೆಯೇ?

ಟಾಲೂಯೀನ್_ಅಕ್ಕ

ಇನ್‌ಹಿಬಿಟರ್ ಸಮೇತ ಹಾಕಿದರೆ ಎಐಬಿಎನ್‌ನ ಒಂದಷ್ಟು ಭಾಗ ಅದನ್ನು ತೀರಿಸುವುದಕ್ಕೇ ಹೋಗುತ್ತದೆ. ಕಾರ್ಬನ್ ತಾನೂ ರ‍್ಯಾಡಿಕಲ್‌ಗಳನ್ನು ನುಂಗುವುದರಿಂದ ಬಿಳಿಗಿಂತ ಅದಕ್ಕೆ ಪೆಟ್ಟು ಜಾಸ್ತಿ. ಆ ಪುಡಿಯನ್ನು ಎಸೆಯಬೇಡಿ, ವಿನೈಲ್ ತುದಿ ಉಳಿದಿದ್ದರೆ ಹೊಸ ಮಾನೋಮರ್‌ನಲ್ಲಿ ಮತ್ತೊಮ್ಮೆ ಕಸಿ ಮಾಡಿ ನೋಡಬಹುದು.

ಕೆಂಪಿಗೆ ಐರನ್ ಆಕ್ಸೈಡ್ ಆಗುತ್ತದೆ, ಸಿಲಿಕಾ ಹಿಡಿಸಿ ಬಿಳಿಯ ದಾರಿಯಲ್ಲೇ ಹೋಗಿ. ಕರಿಯ ಚಾರ್ಜಿನದೇ ಚಿಹ್ನೆ, ಆದರೆ ಅದಕ್ಕಿಂತ ದುರ್ಬಲವಾಗಿರಬೇಕು, ಆಗಲೇ ಕಡಿಮೆ ವೋಲ್ಟೇಜಿನ ಉದ್ದ ಪಲ್ಸಿಗೆ ಕೆಂಪು ಬೇರೆಯಾಗಿ ಮೇಲೆ ಬರುತ್ತದೆ. ಕೊಳ್ಳುವಾಗ ಕೆಂಪು ಹೆಮಟೈಟೇ ಇರಲಿ. ಹಳದಿ ಐರನ್ ಆಕ್ಸೈಡ್ ತಂದರೆ ಅದರೊಳಗಿನ ನೀರು 300 ಡಿಗ್ರಿಯೊಳಗೇ ಬಿಟ್ಟುಹೋಗಿ ಟಿಜಿಎಯಲ್ಲಿ ಶೇ. 10ರಷ್ಟು ನಷ್ಟ ತೋರಿಸುತ್ತದೆ, ಕಸಿಯ ಪಾಲಿಮರ್ ಎಷ್ಟು ಎಂದು ಹೇಳಲು ಬರುವುದಿಲ್ಲ.